ಕೋಟಿ ಬಣ್ಣವಿದ್ದೂ ಒಂದು ಸಂಜೆಗೆ ಸಾಲದು

ಎರಡು ಬಣ್ಣ ಕೊಟ್ಟು, ಒಂದು ಆಕಾರ ತೋರಿಸಿ, ‘ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಬದಲಾಯಿಸುತ್ತಾ ಹೋಗು’ ಎಂದು ಕಂಪ್ಯೂಟರಿಗೆ ಹೇಳುವುದು ಗ್ರಾಫಿಕ್ಸ್ ಪ್ರೋಗ್ರಾಮಿಂಗಿನಲ್ಲಿ ತೀರಾ ಆರಂಭದ ಪಾಠ. ಗ್ರೇಡಿಯೆಂಟ್ ಎಂದು ಅದರ ಹೆಸರು. ಫೋನಿನ ಐಕಾನುಗಳಲ್ಲಿ, ಸುದ್ದಿವಾಹಿನಿಗಳ ಕೆಳಪಟ್ಟಿಯಲ್ಲಿ, ವಾಟ್ಸಾಪಿಗೆ ಬಂದು ಬೀಳುವ ಗೃಹಪ್ರವೇಶದ ಕರೆಯೋಲೆಯಲ್ಲಿ, ಎಲ್ಲಿ ನೋಡಿದರೂ ಅದೇ. ದಿನವೂ ಕಣ್ಣಿಗೆ ಬೀಳುವುದರಿಂದಲೋ ಏನೋ, ಯಾರೂ ಅದನ್ನು ನಿಂತು ನೋಡುವುದಿಲ್ಲ. ಆದರೆ ಅದರ ಒಳಲೆಕ್ಕವನ್ನು ಒಮ್ಮೆ ಪೆನ್ನು ಹಿಡಿದು ಮಾಡಿ ನೋಡಿ. ಇಷ್ಟು ಸಿರಿವಂತಿಕೆ, ಇಷ್ಟು ಬಡತನ ಹೀಗೆ ಒಂದೇ ಸೂರಿನಡಿ ಇರುವ ಜಾಗ ನನಗೆ ಇನ್ನೊಂದು ಗೊತ್ತಿಲ್ಲ.

ಮೊದಲು ಸಿರಿವಂತಿಕೆ. ಸಾಮಾನ್ಯ ಪರದೆಯ ಪ್ರತಿ ಪಿಕ್ಸೆಲಿನಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ದೀಪಗಳು. ಒಂದೊಂದನ್ನೂ 0ಯಿಂದ 255ರವರೆಗೆ, ಅಂದರೆ 256 ಹಂತಗಳಲ್ಲಿ ಹೆಚ್ಚು ಕಡಿಮೆ ಮಾಡಬಹುದು. 256ನ್ನು ಮೂರು ಸಲ ಗುಣಿಸಿದರೆ 1,67,77,216 ಬಣ್ಣಗಳು. ಇಷ್ಟೂ ಬಣ್ಣಗಳನ್ನು ಒಂದೊಂದು ಪಿಕ್ಸೆಲಿಗೆ ಒಂದರಂತೆ ಒಟ್ಟಿಗೇ ತೋರಿಸಬೇಕೆಂದರೆ ಫುಲ್ ಎಚ್‌ಡಿ ಪರದೆ ಏನೇನೂ ಸಾಲದು. ಅದರಲ್ಲಿರುವುದು 20,73,600 ಪಿಕ್ಸೆಲ್ ಮಾತ್ರ. 4ಕೆ ಟಿವಿಯಲ್ಲಿ 82,94,400 ಇವೆ. ಅಂಥ ಎರಡು ಟಿವಿಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ಬಣ್ಣವೂ ಎರಡನೇ ಸಲ ಬಾರದ ಹಾಗೆ ಹಚ್ಚುತ್ತಾ ಹೋದರೂ ಕೊನೆಗೆ 1,88,416 ಬಣ್ಣಗಳು ಜಾಗ ಸಿಗದೆ ಹೊರಗೆ ನಿಲ್ಲುತ್ತವೆ.

ಗ್ರೇಡಿಯೆಂಟಿಗೆ ಬೇಕಾದ್ದು ಇವುಗಳಲ್ಲಿ ಎರಡು: ಹೊರಡುವ ಬಣ್ಣ ಒಂದು, ಮುಟ್ಟುವ ಬಣ್ಣ ಒಂದು. ಹಾಗೆ ಆರಿಸಬಹುದಾದ ಜೋಡಿಗಳು 281 ಲಕ್ಷ ಕೋಟಿಗೂ ಹೆಚ್ಚು. ಸೆಕೆಂಡಿಗೊಂದು ಜೋಡಿಯಂತೆ, ಊಟ ನಿದ್ದೆ ಬಿಟ್ಟು ನೋಡುತ್ತಾ ಕೂತರೂ ಮುಗಿಯಲು ಸುಮಾರು 89 ಲಕ್ಷ ವರ್ಷ ಬೇಕು. ಬಣ್ಣ ಎಡದಿಂದ ಬಲಕ್ಕೆ ಹರಿಯಬೇಕೋ, ಓರೆಯಾಗಿಯೋ, ನಡುವಿನಿಂದ ವೃತ್ತವಾಗಿ ಹರಡಬೇಕೋ ಎಂಬುದನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಇನ್ನು ಕೋಡ್. ಕಲಾವಿದರೂ ವಿದ್ಯಾರ್ಥಿಗಳೂ ಹೆಚ್ಚಾಗಿ ಬಳಸುವ ‘ಪ್ರೊಸೆಸಿಂಗ್’ ಎಂಬ ಪ್ರೋಗ್ರಾಮಿಂಗ್ ಪರಿಸರವನ್ನೇ ತೆಗೆದುಕೊಳ್ಳೋಣ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿದ್ದ ಕೇಸಿ ರಿಯಾಸ್ ಮತ್ತು ಬೆನ್ ಫ್ರೈ 2001ರಲ್ಲಿ ಅದನ್ನು ಶುರು ಮಾಡಿದರು. ಅದರಲ್ಲಿ ‘ಲರ್ಪ್‌ಕಲರ್’ ಎಂಬ ಫಂಕ್ಷನ್ ಇದೆ. ಎರಡು ಬಣ್ಣ, ಜೊತೆಗೆ ಸೊನ್ನೆಯಿಂದ ಒಂದರೊಳಗಿನ ಒಂದು ಸಂಖ್ಯೆ ಕೊಟ್ಟರೆ, ದಾರಿಯಲ್ಲಿ ಅಷ್ಟು ದೂರ ನಡೆದಾಗ ಸಿಗುವ ಬಣ್ಣವನ್ನು ಅದು ಹೇಳುತ್ತದೆ. 800 ಪಿಕ್ಸೆಲ್ ಅಗಲದ ಒಂದು ಆಯತ ಇದೆ ಎನ್ನಿ. ಎಡತುದಿಯಲ್ಲಿ ಅರಿಶಿನ: ಕೆಂಪು 244, ಹಸಿರು 196, ನೀಲಿ 48. ಬಲತುದಿಯಲ್ಲಿ ಕುಂಕುಮ: 192, 0, 32. ಒಂದು ಲೂಪ್ ಬರೆದು, ಎಡದಿಂದ ಬಲಕ್ಕೆ ಒಂದೊಂದೇ ಲಂಬಗೆರೆ ಎಳೆಯುತ್ತಾ, ಪ್ರತಿ ಗೆರೆಗೂ ಅದರ ಪಾಲಿನ ಬಣ್ಣ ಕೇಳಬೇಕು.

200ನೇ ಗೆರೆಯ ಹತ್ತಿರ ನಿಲ್ಲೋಣ. 800ರಲ್ಲಿ 200 ಅಂದರೆ ದಾರಿಯ ಕಾಲು ಭಾಗ. ಕೆಂಪು ಒಟ್ಟು ಇಳಿಯಬೇಕಾದ್ದು 52, ಅದರ ಕಾಲು 13. ಹಾಗಾಗಿ 244 ಈಗ 231. ಹಸಿರು ಇಳಿಯಬೇಕಾದ್ದು 196, ಕಾಲು 49, ಈಗ 147. ನೀಲಿ ಇಳಿಯಬೇಕಾದ್ದು 16, ಕಾಲು 4, ಈಗ 44. ಮೂರು ಕಳೆಯುವ ಲೆಕ್ಕ, ಮಾಗಿದ ಮಾವಿನ ಹಣ್ಣಿನಂಥ ಒಂದು ಬಣ್ಣ. ಅಲ್ಲಿ ನಡೆಯುವುದು ಇಷ್ಟೇ. ಇದೇ ಲೆಕ್ಕ 800 ಸಲ ಆದಾಗ ಪರದೆಯ ಮೇಲೆ ಅರಿಶಿನ ಕುಂಕುಮಕ್ಕೆ ತಿರುಗುತ್ತದೆ.

ಬಡತನ ಬಯಲಾಗುವುದೂ ಇಲ್ಲೇ. ಈ ದಾರಿಯಲ್ಲಿ ನಿಜವಾಗಿ ಎಷ್ಟು ಬಣ್ಣಗಳು ಸಿಗುತ್ತವೆ? ದೀಪದ ಹಂತಗಳು ಪೂರ್ಣಸಂಖ್ಯೆಗಳು; 231ಕ್ಕೂ 230ಕ್ಕೂ ನಡುವೆ ಏನೂ ಇಲ್ಲ. ಕೆಂಪು 52 ಸಲ, ಹಸಿರು 196 ಸಲ, ನೀಲಿ 16 ಸಲ ಬದಲಾಗುತ್ತದೆ. ಕೂಡಿದರೆ 264. ಪ್ರತಿ ಬದಲಾವಣೆಯೂ ಬೇರೆ ಬೇರೆ ಗೆರೆಯಲ್ಲೇ ಆಯಿತು ಎಂದುಕೊಂಡರೂ 265ಕ್ಕಿಂತ ಹೆಚ್ಚು ಬಣ್ಣ ಸಾಧ್ಯವಿಲ್ಲ. ಯಾವ ಎರಡು ಬಣ್ಣ ತೆಗೆದುಕೊಂಡರೂ ಕತೆ ಇದೇ. ಒಂದು ದೀಪ ಒಂದೇ ದಿಕ್ಕಿನಲ್ಲಿ ಹೋಗುವಾಗ ಹೆಚ್ಚೆಂದರೆ 255 ಸಲ ಬದಲಾಗಬಹುದು. ಮೂರೂ ಸೇರಿ 765. ಹೊರಟ ಬಣ್ಣ ಒಂದು. 1,67,77,216 ಬಣ್ಣಗಳಿದ್ದರೂ ಎರಡು ಬಣ್ಣಗಳ ನಡುವಿನ ನೇರ ದಾರಿ 766 ಬಣ್ಣಗಳ ಮಿತಿಯನ್ನು ಎಂದೂ ದಾಟಲಾರದು. ಸುಮಾರು 22 ಸಾವಿರಕ್ಕೆ ಒಂದು! ಕಪ್ಪಿನಿಂದ ಬಿಳುಪಿಗೆ ಹೋದರಂತೂ ಮೂರೂ ದೀಪ ಒಟ್ಟೊಟ್ಟಿಗೇ ಹೆಜ್ಜೆ ಹಾಕುವುದರಿಂದ ಸಿಗುವುದು ಬರೇ 256.

ಕಾರಣ ಸರಳ. ಬಣ್ಣಗಳೆಲ್ಲ ಸೇರಿ ಒಂದು ಘನ: ಉದ್ದ 256, ಅಗಲ 256, ಎತ್ತರ 256. ಗ್ರೇಡಿಯೆಂಟ್ ಆ ಘನದೊಳಗೆ ತೂರಿಸಿದ ಒಂದು ದಾರ. ಘನದ ಗಾತ್ರ ಕೋಟಿಯಲ್ಲಿ, ದಾರದ ಉದ್ದ ನೂರರಲ್ಲಿ. ಟಿವಿ ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಘನದ ಲೆಕ್ಕ. ಪರದೆಯ ಮೇಲೆ ನಾವು ನೋಡುವ ಆಕಾಶ, ನೆರಳು, ಕೆನ್ನೆಯ ಮೇಲಿನ ಬೆಳಕು ಎಲ್ಲವೂ ದಾರಗಳು.

ಕತ್ತಲೆಯಲ್ಲಿ ಈ ಕೊರತೆ ಕಣ್ಣಿಗೆ ಹೊಡೆಯುತ್ತದೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ ಆಕಾಶವನ್ನು ಕೋಡ್‌ನಲ್ಲಿ ಬರೆಯೋಣ: ಮೇಲೆ 8, 12, 30, ಕೆಳಗೆ 20, 34, 70. ಕೆಂಪಿಗೆ 12 ಹೆಜ್ಜೆ, ಹಸಿರಿಗೆ 22, ನೀಲಿಗೆ 40. ಒಟ್ಟು 74 ಹೆಜ್ಜೆ, ಹೆಚ್ಚೆಂದರೆ 75 ಬಣ್ಣ. 4ಕೆ ಪರದೆಯ ಎತ್ತರ 2,160 ಪಿಕ್ಸೆಲ್. ಅಷ್ಟು ಎತ್ತರವನ್ನು 75 ಬಣ್ಣಗಳು ಹಂಚಿಕೊಂಡರೆ ಒಂದೊಂದಕ್ಕೂ ಸರಾಸರಿ 29 ಪಿಕ್ಸೆಲಿನ ಪಟ್ಟಿ. ಆಕಾಶ ಮೆಟ್ಟಿಲು ಮೆಟ್ಟಿಲಾಗುತ್ತದೆ. ಈ ಕಸುಬಿನವರು ಅದನ್ನು ಬ್ಯಾಂಡಿಂಗ್ ಎನ್ನುತ್ತಾರೆ. ಸಿನಿಮಾದ ರಾತ್ರಿ ದೃಶ್ಯಗಳಲ್ಲಿ ಟಾರ್ಚಿನ ಬೆಳಕಿನ ಸುತ್ತ ಬಳೆಬಳೆಯಾಗಿ ಕಾಣುವುದೂ ಇದೇ.

ಕತ್ತಲಲ್ಲೇ ಯಾಕೆ ಇಷ್ಟು? ದೀಪದ ಹಂತಕ್ಕೂ ಹೊರಬೀಳುವ ಬೆಳಕಿಗೂ ನೇರ ಸಂಬಂಧ ಇಲ್ಲ. ಇಂದಿನ ಹೆಚ್ಚಿನ ಪರದೆಗಳು ಅನುಸರಿಸುವ ಎಸ್‌ಆರ್‌ಜಿಬಿ ಎಂಬ ನಿಯಮದ ಪ್ರಕಾರ, 200ರಿಂದ 201ಕ್ಕೆ ಹೋದಾಗ ಬೆಳಕು ಹೆಚ್ಚುವುದು ಶೇ. 1ರಷ್ಟು. ಅದೇ 10ರಿಂದ 11ಕ್ಕೆ ಹೋದಾಗ ಶೇ. 10ರಷ್ಟು! ಒಳ್ಳೆಯ ಬೆಳಕಿನಲ್ಲಿ ನಮ್ಮ ಕಣ್ಣು ಹಿಡಿಯಬಲ್ಲ ವ್ಯತ್ಯಾಸವೂ ಹೆಚ್ಚುಕಡಿಮೆ ಶೇ. 1ರ ಆಸುಪಾಸಿನದು. ಸಾಲದ್ದಕ್ಕೆ ಕಣ್ಣು ಅಂಚುಗಳನ್ನು ಹಿಗ್ಗಿಸಿ ತೋರಿಸುತ್ತದೆ. ಎರಡು ಪಟ್ಟಿಗಳು ಸೇರುವಲ್ಲಿ ತಿಳಿಯಾದದ್ದು ಇನ್ನಷ್ಟು ತಿಳಿಯಾಗಿ, ಗಾಢವಾದದ್ದು ಇನ್ನಷ್ಟು ಗಾಢವಾಗಿ ಕಾಣುತ್ತದೆ. 1865ರಲ್ಲಿ ಇದನ್ನು ಗುರುತಿಸಿ ವಿವರಿಸಿದವರು ಅರ್ನ್ಸ್ಟ್ ಮ್ಯಾಕ್. ವಿಮಾನದ ವೇಗವನ್ನು ಶಬ್ದದ ವೇಗದೊಂದಿಗೆ ಹೋಲಿಸುವಾಗ ‘ಮ್ಯಾಕ್ 1’, ‘ಮ್ಯಾಕ್ 2’ ಎನ್ನುತ್ತೇವಲ್ಲ, ಅದೇ ಮ್ಯಾಕ್. ಕಂಪ್ಯೂಟರ್ ಪರದೆಯ ಕನಸೂ ಇಲ್ಲದ ಕಾಲದಲ್ಲಿ ಇಂದಿನ ಗ್ರಾಫಿಕ್ಸ್ ಪ್ರೋಗ್ರಾಮರುಗಳ ದೊಡ್ಡ ತಲೆನೋವಿಗೆ ಅವರು ಕಾರಣ ಬರೆದಿಟ್ಟಿದ್ದರು.

ಈ ಮೆಟ್ಟಿಲುಗಳನ್ನು ಅಳಿಸಲು ಕಂಡುಕೊಂಡ ಉಪಾಯ ನನಗೆ ಎಷ್ಟು ಸಲ ಯೋಚಿಸಿದರೂ ಬೆರಗು ಹುಟ್ಟಿಸುತ್ತದೆ: ಚಿತ್ರವನ್ನು ಬೇಕೆಂದೇ ಕೆಡಿಸುವುದು. 1962ರಲ್ಲಿ ಲಾರೆನ್ಸ್ ರಾಬರ್ಟ್ಸ್ ಪ್ರಕಟಿಸಿದ ಪ್ರಬಂಧದ ವಿಷಯ ಅದು. ಟಿವಿ ಚಿತ್ರವನ್ನು ಅಂಕಿಗಳಾಗಿಸಿ ಕಳಿಸಬೇಕಾದರೆ ಪ್ರತಿ ಬಿಂದುವಿಗೆ ಕನಿಷ್ಠ 6 ಬಿಟ್, ಅಂದರೆ 64 ಹಂತ ಬೇಕಿತ್ತು. ಅದಕ್ಕಿಂತ ಕಡಿಮೆಯಾದರೆ ಮೆಟ್ಟಿಲು ಕಾಣುತ್ತಿತ್ತು. ಹಂತಗಳಿಗೆ ಇಳಿಸುವ ಮುನ್ನ ಸಂಕೇತಕ್ಕೆ ಒಂದಿಷ್ಟು ಗೊಂದಲವನ್ನು ಬೆರೆಸಿ, ತಲುಪಿದ ಮೇಲೆ ಅದೇ ಗೊಂದಲವನ್ನು ಕಳೆದರೆ 3 ಬಿಟ್, ಬರೇ 8 ಹಂತ ಸಾಕು ಎಂದು ರಾಬರ್ಟ್ಸ್ ತೋರಿಸಿದರು. ಮುಂದೆ ಇಂಟರ್ನೆಟ್ಟಿನ ಪೂರ್ವಜವಾದ ಆರ್ಪಾನೆಟ್ ಕಟ್ಟುವುದರಲ್ಲಿ ಮುಂಚೂಣಿಯಲ್ಲಿದ್ದವರೂ ಇವರೇ.

ಗ್ರೇಡಿಯೆಂಟಿಗೆ ಇದನ್ನು ಹೀಗೆ ಅನ್ವಯಿಸುತ್ತಾರೆ. ಒಂದು ಜಾಗದಲ್ಲಿ ಹಸಿರು 100.3 ಬರಬೇಕು ಎನ್ನಿ. ಅಂಥ ಹಂತವೇ ಇಲ್ಲ. ಆಗ ಅಲ್ಲಿನ ಪ್ರತಿ ಹತ್ತು ಪಿಕ್ಸೆಲುಗಳಲ್ಲಿ ಏಳಕ್ಕೆ 100, ಮೂರಕ್ಕೆ 101 ಕೊಟ್ಟು ಚೆಲ್ಲಾಪಿಲ್ಲಿ ಹರಡಿಬಿಡುವುದು. ಕಣ್ಣು ಹತ್ತನ್ನೂ ಕೂಡಿಸಿ 100.3 ಎಂದೇ ಓದಿಕೊಳ್ಳುತ್ತದೆ. ಡಿದರಿಂಗ್ ಎನ್ನುವ ಈ ವಿಧಾನದಲ್ಲಿ ಒಂದೊಂದು ಪಿಕ್ಸೆಲೂ ತಪ್ಪು, ಒಟ್ಟು ಚಿತ್ರ ಮಾತ್ರ ಸರಿ. ಪ್ರೋಗ್ರಾಮಿನಲ್ಲಿ ಇದಕ್ಕೆ ಬೇಕಾದ್ದು ಒಂದೇ ಸಾಲು: ಬಣ್ಣವನ್ನು ಪೂರ್ಣಸಂಖ್ಯೆಗೆ ಇಳಿಸುವ ಮೊದಲು ಒಂದಕ್ಕಿಂತ ಚಿಕ್ಕದಾದ ಯಾದೃಚ್ಛಿಕ ಸಂಖ್ಯೆಯನ್ನು ಕೂಡುವುದು. ಆ ಒಂದು ಸಾಲಿಗೆ 75 ಪಟ್ಟಿಗಳ ಆಕಾಶ ಒಂದೇ ನೇಯ್ಗೆಯ ಆಕಾಶವಾಗುತ್ತದೆ.

ಅಚ್ಚಿನ ಮನೆಯವರಿಗೆ ಈ ಕಷ್ಟ ಇನ್ನೂ ಹಳೆಯದು. ಅಲ್ಲಿ ಬೂದು ಶಾಯಿಯೇ ಇಲ್ಲ. ಕಪ್ಪು ಚುಕ್ಕೆ ದೊಡ್ಡದಾದರೆ ಗಾಢ, ಚಿಕ್ಕದಾದರೆ ತಿಳಿ. ಇಂಚಿಗೆ 2,400 ಬಿಂದು ಹಾಕುವ ಯಂತ್ರದಲ್ಲಿ ಇಂಚಿಗೆ 150 ಸಾಲು ಚುಕ್ಕೆ ಇಟ್ಟರೆ ಒಂದೊಂದು ಚುಕ್ಕೆಗೆ ಸಿಗುವ ಮನೆ 16ಕ್ಕೆ 16. ಆ ಮನೆಯಲ್ಲಿ ಸೊನ್ನೆಯಿಂದ 256 ಬಿಂದುಗಳವರೆಗೆ ತುಂಬಬಹುದು. ಬೂದುಬಣ್ಣದ ಹಂತಗಳು 257. ಬೆಳಕಿನ ಪರದೆಯ 256ಕ್ಕೂ ಶಾಯಿ ಕಾಗದದ 257ಕ್ಕೂ ಎಷ್ಟು ಹತ್ತಿರ ನೋಡಿ.

ನಡುವೆ ಎಷ್ಟು ಬಣ್ಣ ಎಂಬುದಾಯಿತು. ನಡುವೆ ಯಾವ ಬಣ್ಣ ಎಂಬುದು ಇದಕ್ಕಿಂತ ಕಠಿಣ. ಶುದ್ಧ ಹಳದಿ 255, 255, 0. ಶುದ್ಧ ನೀಲಿ 0, 0, 255. ಎರಡರ ನಟ್ಟನಡುವೆ ಮೂರೂ ದೀಪಗಳು 127.5, ಅಂದರೆ ಬೂದಿಯ ಬಣ್ಣ! ಸೂರ್ಯಕಾಂತಿಯಿಂದ ಕಡಲಿಗೆ ಹೋಗಬೇಕೆಂದು ಹೊರಟವನು ದಾರಿಯಲ್ಲಿ ಬೂದಿ ತುಳಿಯಬೇಕಾಗುತ್ತದೆ. ಗ್ರೇಡಿಯೆಂಟುಗಳು ನಡುವಿನಲ್ಲಿ ಮಸುಕಾಗುವುದಕ್ಕೆ ಇದೊಂದು ಕಾರಣ. ಇನ್ನೊಂದು, ಮೇಲೆ ಹೇಳಿದ ಹಂತ ಮತ್ತು ಬೆಳಕಿನ ನಡುವಿನ ಡೊಂಕು ಸಂಬಂಧ. 255ರ ಅರ್ಧ 128 ಎಂದು ನಾವು ಅಂದುಕೊಂಡರೂ 128ರಲ್ಲಿ ಪರದೆ ಹೊರಸೂಸುವ ಬೆಳಕು ಬಿಳಿಯ ಶೇ. 22ರಷ್ಟು ಮಾತ್ರ. ಬೆಳಕಿನ ನಿಜವಾದ ಅರ್ಧ ಸಿಗುವುದು 188ರಲ್ಲಿ. ಕೆಂಪಿನಿಂದ ಹಸಿರಿಗೆ ಹೋಗುವಾಗ ಬರೀ ಅಂಕಿಗಳ ಅರ್ಧ ಮಾಡಿದರೆ 128, 128, 0 ಎಂಬ ಕೆಸರು ಬಣ್ಣ. ಬೆಳಕಿನ ಅರ್ಧ ಮಾಡಿದರೆ 188, 188, 0 ಎಂಬ ಹೊಳೆಯುವ ಹಳದಿ.

ಕಣ್ಣಿಗೆ ಸಮನಾಗಿ ಕಾಣುವ ಹೆಜ್ಜೆ ಎಂದರೆ ಎಷ್ಟು ದೊಡ್ಡದು? ಇದನ್ನು ಅಳೆಯಲು ಹೊರಟವರು ಪಟ್ಟ ಶ್ರಮ ದೊಡ್ಡದು. ಅಮೆರಿಕದ ಈಸ್ಟ್‌ಮನ್ ಕೊಡ್ಯಾಕ್‌ನಲ್ಲಿದ್ದ ಡೇವಿಡ್ ಮ್ಯಾಕ್‌ಆಡಮ್ 1942ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೋಡುವವರು ಒಬ್ಬರೇ. ಅರ್ಧ ಅರ್ಧವಾಗಿ ಸೀಳಿದ ಒಂದು ಪುಟ್ಟ ವೃತ್ತದಲ್ಲಿ ಒಂದು ಕಡೆಯ ಬಣ್ಣಕ್ಕೆ ಇನ್ನೊಂದು ಕಡೆಯ ಬಣ್ಣವನ್ನು ಹೊಂದಿಸಬೇಕು. ಹೊಂದಿಸಿದಾಗ ಆಗುವ ಸಣ್ಣ ಸಣ್ಣ ತಪ್ಪುಗಳೇ ಕಣ್ಣಿನ ಸೂಕ್ಷ್ಮತೆಯ ಅಳತೆ. ಆ ಒಬ್ಬರೇ 25,000ಕ್ಕೂ ಹೆಚ್ಚು ಸಲ ಹೊಂದಿಸಿದರು. ಫಲಿತಾಂಶವಾಗಿ ಬಣ್ಣದ ನಕ್ಷೆಯ ಮೇಲೆ 25 ಅಂಡಾಕಾರಗಳು ಮೂಡಿದವು, ಹಸಿರಿನ ಕಡೆ ದೊಡ್ಡವು, ನೀಲಿಯ ಕಡೆ ತೀರಾ ಚಿಕ್ಕವು. ನಕ್ಷೆಯ ಮೇಲೆ ಒಂದೇ ಅಳತೆಯ ಹೆಜ್ಜೆ ಹಸಿರಿನಲ್ಲಿ ಗೊತ್ತೇ ಆಗುವುದಿಲ್ಲ, ನೀಲಿಯಲ್ಲಿ ಎದ್ದು ಕಾಣುತ್ತದೆ. ಆ ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿ ಎಲ್ಲ ಹೆಜ್ಜೆಗಳನ್ನೂ ಸಮ ಮಾಡುವ ಪ್ರಯತ್ನ ಅಂದಿನಿಂದ ನಿಂತಿಲ್ಲ. 1976ರಲ್ಲಿ ಸಿಐಇ-ಲ್ಯಾಬ್ ಎಂಬ ಅಂಥ ನಕ್ಷೆ ಬಂತು. 2020ರ ಡಿಸೆಂಬರಿನಲ್ಲಿ ಬ್ಯೋರ್ನ್ ಒಟ್ಟೊಸನ್ ಎಂಬವರು ‘ಓಕೆಲ್ಯಾಬ್’ ಎಂಬ ಇನ್ನೊಂದು ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಕೆಲವೇ ವರ್ಷಗಳಲ್ಲಿ ಅದು ಬ್ರೌಸರುಗಳೊಳಗೆ ಸೇರಿತು. ಇಂದು ವೆಬ್ ಪುಟ ಬರೆಯುವ ಹುಡುಗಿ ಗ್ರೇಡಿಯೆಂಟಿನ ಸಾಲಿನಲ್ಲಿ ಆ ಒಂದು ಹೆಸರು ಸೇರಿಸಿದರೆ ಸಾಕು, ಎಂಟು ದಶಕಗಳ ಕಣ್ಣಿನ ಅಳತೆಗಳ ಫಲ ಅವಳ ಬಟನ್ನಿನ ಮೇಲೆ ಬಂದು ಕೂರುತ್ತದೆ.

ಇನ್ನು ವೇಗ. ಆಯತದ ಗ್ರೇಡಿಯೆಂಟಿನಲ್ಲಿ ಒಂದು ಲಂಬಗೆರೆಗೆ ಒಂದೇ ಲೆಕ್ಕ ಸಾಕಿತ್ತು. ಆಕಾರ ವೃತ್ತವಾಗಿ, ಬಣ್ಣ ನಡುವಿನಿಂದ ಹೊರಗೆ ಹರಡಬೇಕಾದರೆ ಪ್ರತಿ ಪಿಕ್ಸೆಲಿಗೂ ಕೇಂದ್ರದಿಂದ ಅದರ ದೂರ ಗೊತ್ತಾಗಬೇಕು. ಅಡ್ಡದ ವರ್ಗ, ಉದ್ದದ ವರ್ಗ, ಕೂಡಿಸಿ ವರ್ಗಮೂಲ. ನಾವು ಹೈಸ್ಕೂಲಿನಲ್ಲಿ ಕಲಿತ ಪೈಥಾಗೊರಸನ ಪ್ರಮೇಯವೇ. 800 ಪಿಕ್ಸೆಲ್ ವ್ಯಾಸದ ವೃತ್ತದಲ್ಲಿ ಸುಮಾರು 5,02,655 ಪಿಕ್ಸೆಲುಗಳಿವೆ, ಅಷ್ಟೂ ವರ್ಗಮೂಲಗಳು. ಚಿತ್ರ ಅಲುಗಾಡಬೇಕಾದರೆ ಸೆಕೆಂಡಿಗೆ 60 ಸಲ, ಅಂದರೆ 3 ಕೋಟಿ ವರ್ಗಮೂಲಗಳು. 4ಕೆ ಪರದೆ ಪೂರ್ತಿ ತುಂಬಿದರೆ ಸೆಕೆಂಡಿಗೆ 49,76,64,000 ಪಿಕ್ಸೆಲ್. ಮೂರು ದೀಪಗಳನ್ನೂ ಎಣಿಸಿದರೆ 149 ಕೋಟಿ ಅಂಕಿಗಳು. ಒಂದಾದ ಮೇಲೊಂದರಂತೆ ಮಾಡುತ್ತಾ ಹೋದರೆ ಒಂದು ಪಿಕ್ಸೆಲಿಗೆ ಸಿಗುವ ಸಮಯ 2 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕೇ ಹೋಗುವುದು 60 ಸೆಂಟಿಮೀಟರ್! ಗ್ರಾಫಿಕ್ಸ್ ಚಿಪ್ಪುಗಳು ಸಾವಿರಾರು ಪಿಕ್ಸೆಲುಗಳ ಲೆಕ್ಕವನ್ನು ಒಟ್ಟೊಟ್ಟಿಗೇ ಮಾಡುವಂತೆ ಕಟ್ಟಲ್ಪಟ್ಟಿರುವುದು ಇದಕ್ಕೇ.

ಆ ಚಿಪ್ಪುಗಳ ಹಿಂದಿರುವುದೂ ಗ್ರೇಡಿಯೆಂಟಿನ ವಿಚಾರವೇ. 1971ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಆನ್ರಿ ಗೂರೋ ಎಂಬ ಫ್ರೆಂಚ್ ವಿದ್ಯಾರ್ಥಿ ತನ್ನ ಪತ್ನಿ ಸಿಲ್ವಿಯ ಮುಖವನ್ನು ಚಪ್ಪಟೆ ತುಣುಕುಗಳಾಗಿ ಕಂಪ್ಯೂಟರಿಗೆ ಇಳಿಸಿದ. ತುಣುಕುಗಳ ಮೂಲೆಗಳಲ್ಲಿ ಮಾತ್ರ ಬೆಳಕಿನ ಲೆಕ್ಕ ಮಾಡಿ, ನಡುವಿನದ್ದನ್ನು ಮೂಲೆಯಿಂದ ಮೂಲೆಗೆ ಹರಿಯುವ ಬಣ್ಣದಿಂದ ತುಂಬಿದ. ಚಪ್ಪಟೆ ತುಣುಕುಗಳ ಮುಖ ದುಂಡಗಾಯಿತು. ಮೂರು ಮೂಲೆಗೆ ಮೂರು ಬಣ್ಣ ಕೊಟ್ಟ ತ್ರಿಕೋನ ಇಂದಿಗೂ ಗ್ರಾಫಿಕ್ಸ್ ಚಿಪ್ಪಿನ ಪ್ರೋಗ್ರಾಮಿಂಗ್ ಕಲಿಯುವವರು ಮೊದಲು ಬಿಡಿಸುವ ಚಿತ್ರ.

ಇಷ್ಟೆಲ್ಲವನ್ನೂ ಹೊತ್ತ ಬರಹ ಮಾತ್ರ ಅಂಗೈಯಗಲದ್ದು. 2001ರಲ್ಲಿ ವೆಬ್‌ನ ಅಧಿಕೃತ ಶಿಫಾರಸಾದ ಎಸ್‌ವಿಜಿ ಚಿತ್ರಭಾಷೆಯಲ್ಲಿ ಒಂದು ಆಕಾರ, ಎರಡು ಬಣ್ಣ, ಅವು ನಿಲ್ಲುವ ಜಾಗ ಎಲ್ಲ ಸೇರಿ ಸುಮಾರು 200 ಅಕ್ಷರಗಳಲ್ಲಿ ಮುಗಿಯುತ್ತದೆ. ಅದರಿಂದ ಮೂಡುವ 4ಕೆ ಚಿತ್ರ ಪಿಕ್ಸೆಲ್ ಲೆಕ್ಕದಲ್ಲಿ 2,48,83,200 ಬೈಟ್. ಬರೆದದ್ದಕ್ಕಿಂತ 1 ಲಕ್ಷ 24 ಸಾವಿರ ಪಟ್ಟು. ಅವೇ 200 ಅಕ್ಷರಗಳನ್ನು ಕೈಗಡಿಯಾರದ ಪರದೆಗೂ ಕೊಡಬಹುದು, ಹೆದ್ದಾರಿ ಬದಿಯ ಹೋರ್ಡಿಂಗಿಗೂ ಕೊಡಬಹುದು, ಒಂದಕ್ಷರವನ್ನೂ ತಿದ್ದಬೇಕಿಲ್ಲ.

ಹಂತಗಳ ಕೊರತೆಯನ್ನು ನೀಗಿಸಲು ಈಗ ದೀಪಕ್ಕೆ 8 ಬಿಟ್‌ನ ಬದಲು 10 ಬಿಟ್ ಕೊಡುವ ಪರದೆಗಳು ಬಂದಿವೆ. ಬಣ್ಣಗಳು 1.67 ಕೋಟಿಯಿಂದ ಒಮ್ಮೆಲೇ 107 ಕೋಟಿಗೆ ಜಿಗಿಯುತ್ತವೆ. ಕಪ್ಪಿನಿಂದ ಬಿಳುಪಿನ ದಾರ ಮಾತ್ರ 256ರಿಂದ 1,024ಕ್ಕೆ ಬೆಳೆಯುತ್ತದೆ. 3,840 ಪಿಕ್ಸೆಲ್ ಅಗಲದ 4ಕೆ ಪರದೆಯಲ್ಲಿ ಒಂದು ಹಂತಕ್ಕೆ ಇನ್ನೂ ಪೌಣೆ ನಾಲ್ಕು ಪಿಕ್ಸೆಲ್. 12 ಬಿಟ್ ಕೊಟ್ಟರೆ ಬಣ್ಣಗಳು 6,871 ಕೋಟಿ, ಹಂತಗಳು 4,096. ಪರದೆಯ ಅಗಲಕ್ಕಿಂತ ಹಂತಗಳು ಹೆಚ್ಚಾಗುವುದು ಆಗಲೇ. ಒಂದೇ ಒಂದು ದಾರದಲ್ಲಿ ಪಿಕ್ಸೆಲಿಗೊಂದು ಹೊಸ ಬಣ್ಣ ಬರಬೇಕಾದರೆ ಘನದಲ್ಲಿ 6,871 ಕೋಟಿ ಬಣ್ಣ ಹೊಂದಿಸಬೇಕು. ಅಷ್ಟಾದರೂ 8ಕೆ ಪರದೆಯ ಅಗಲ 7,680 ಪಿಕ್ಸೆಲ್. ಅಲ್ಲಿ ಮತ್ತೆ ಹಂತವೊಂದಕ್ಕೆ ಸುಮಾರು ಎರಡು ಪಿಕ್ಸೆಲ್ ಬರುತ್ತದೆ.